ತಳ್ಳುಗಾಡಿಯ ತಟ್ಟೆ, ಶಾಲೆಯ ತಟ್ಟೆ

(ಪೀಣ್ಯದಲ್ಲಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಿನ ಪಾಳಿಗೆ ಹೋಗುವ ಪೀಣ್ಯದ ಕಾರ್ಮಿಕ ತಳ್ಳುಗಾಡಿಯ ಮುಂದೆ ನಿಂತು ಚಿತ್ರಾನ್ನ ತಿನ್ನುತ್ತಾನೆ. ಅವನ ಮಗು ಮಧ್ಯಾಹ್ನ ಸರ್ಕಾರಿ ಶಾಲೆಯಲ್ಲಿ ಉಣ್ಣುತ್ತದೆ. ಮೊದಲನೆಯ ತಟ್ಟೆಗೆ ನೋಂದಣಿ ಬೇಕು, ಎರಡನೆಯದಕ್ಕೆ ಪೌಷ್ಟಿಕತೆಯ ಅಳತೆ ಬೇಕು ಎನ್ನುತ್ತದೆ ಕಾನೂನು. ಎರಡೂ ನ್ಯಾಯವೇ. ಆದರೆ ಖರ್ಚು ಯಾರದು? ನಾವು ಕೇಳುವುದು ಇದನ್ನೇ.

ಶಾಲೆಯ ಊಟ ಯಾರ ಭಿಕ್ಷೆಯೂ ಅಲ್ಲ. ಮದರಾಸಿನ ಕಾರ್ಪೊರೇಷನ್ 1920ರಲ್ಲೇ ತನ್ನ ಶಾಲೆಯ ಮಕ್ಕಳಿಗೆ ಊಟ ಹಾಕಿತು. ಬೇಯಿಸಿದ ಊಟ ಕೊಡಲೇಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. 2002ರಲ್ಲಿ ನಮ್ಮಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಐದನೆಯ ತರಗತಿಯವರೆಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಆರರಿಂದ ಎಂಟರವರೆಗೆ 700 ಕ್ಯಾಲೊರಿ, 20 ಗ್ರಾಂ. ಅಳತೆ ಸರಿಯೇ. ಆದರೆ ಅಕ್ಕಿ ಬಿಟ್ಟು ಬೇಳೆ, ತರಕಾರಿ, ಎಣ್ಣೆ, ಇಂಧನಕ್ಕೆಂದು 2025ರ ಮೇ ತಿಂಗಳಿಂದ ಗೊತ್ತುಮಾಡಿದ ದರ ಕಿರಿಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ! ಬೇಳೆಯ ಬೆಲೆ ಏರಿದ ದಿನ ಸಾರು ನೀರಾಗುತ್ತದೆ, ಗ್ರಾಮಿನ ಲೆಕ್ಕ ಪುಸ್ತಕದಲ್ಲೇ ಉಳಿಯುತ್ತದೆ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂದುದು ಸಂತೋಷ. ಅದರಲ್ಲಿ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಮೂರು ವರ್ಷದ ಹಣ. ಆಮೇಲೆ?

ಇನ್ನು ತಳ್ಳುಗಾಡಿ. 2006ರ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳು, ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟುಳ್ಳವರಿಗೆ ನೂರು ರೂಪಾಯಿಯ ನೋಂದಣಿ ವಿಧಿಸಿದವು. ನೂರು ದೊಡ್ಡದಲ್ಲ, ಅರ್ಜಿ ತುಂಬುವವನ ಕೂಲಿ, ಮಧ್ಯವರ್ತಿಯ ಕೈಬೆಚ್ಚಗೆ, ಹೋದ ಒಂದು ದಿನದ ವ್ಯಾಪಾರ, ಇವು ದೊಡ್ಡವು. 2025ರ ಜುಲೈಯಲ್ಲಿ ಮೊಬೈಲಿಗೆ ಬಂದ ಹಣದ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ತೆರಿಗೆಯ ನೋಟೀಸು ಬಂದಂದಿನಿಂದ ಕಾಗದವೆಂದರೆ ಸಣ್ಣ ವ್ಯಾಪಾರಿಗೆ ಹೆದರಿಕೆ. ಜೊತೆಗೆ, ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿಂಡಿ ಮಾರಕೂಡದೆಂದು 2020ರ ನಿಯಮ. ಮಕ್ಕಳಿಗೆ ಒಳ್ಳೆಯದೇ. ಆದರೆ ಗೇಟಿನ ಬಳಿ ಬೋಂಡ ಮಾರುವ ಅಮ್ಮನೂ ನಮ್ಮವಳೇ ಅಲ್ಲವೆ? ಅವಳನ್ನು ಓಡಿಸುವುದು ಸುಲಭ. ಅವಳ ಬಾಣಲೆಯ ಬದಲಿಗೆ ಉಸಲಿ, ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು ಇಡಿಸುವುದು ಆಡಳಿತ.

ಆದುದರಿಂದ ಪಾಲಿಕೆಯ ಮುಂದೆ ನಮ್ಮ ಬೇಡಿಕೆ ಮೂರು. ನೋಂದಣಿಯ ಖರ್ಚನ್ನು ಪಾಲಿಕೆಯೇ ಹೊತ್ತು, ಅರ್ಜಿಯನ್ನು ವಾರ್ಡಿನಲ್ಲೇ ತುಂಬಿಸಲಿ. ಒಳ್ಳೆಯ ತಿಂಡಿಗೆ ತಿರುಗುವವರಿಗೆ ನಲ್ಲಿನೀರು, ನಿಲ್ಲುವ ಜಾಗ, ಗಾಡಿಗೆ ಸಹಾಯಧನ ಕೊಡಲಿ. ಊಟದ ದರಕ್ಕೆ ತನ್ನ ಪಾಲು ಸೇರಿಸಲಿ; ಬೆಂಗಳೂರಿನ ಹಲವು ಶಾಲೆಗಳಿಗೆ ಊಟ ದೊಡ್ಡ ಅಡಿಗೆಮನೆಗಳಿಂದ ಗಾಡಿಯಲ್ಲಿ ಬರುವುದರಿಂದ, ತಾಯಂದಿರು ಅದನ್ನು ತೂಗಿ ನೋಡುವಂತಾಗಲಿ.

ಹಣವೆಲ್ಲಿ ಎನ್ನುವರು. ಹೊಸ ಕಾರ್ಖಾನೆಗೆ ಬಂಡವಾಳ ಸಹಾಯಧನ, ಮುದ್ರಾಂಕ ಶುಲ್ಕದ ವಿನಾಯಿತಿ ಕೊಡುವಾಗ ಈ ಪ್ರಶ್ನೆ ಏಳುವುದಿಲ್ಲ. 2017ರಲ್ಲಿ ಇಂದಿರಾ ಕ್ಯಾಂಟೀನು ತೆರೆದಾಗ ಹತ್ತು ರೂಪಾಯಿಗೆ ಊಟ ಕೊಟ್ಟು ಉಳಿದುದನ್ನು ಸಾರ್ವಜನಿಕ ಹಣದಿಂದ ಭರಿಸಲು ಸಾಧ್ಯವಾಯಿತಷ್ಟೆ?

ನಮ್ಮ ಮೇಲೂ ಹೊಣೆಯಿದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಮಾರುವವನು ನಮ್ಮವನಾದರೂ ತಪ್ಪಿತಸ್ಥನೇ. ಅದನ್ನು ತಿನ್ನುವವನು ಕಾರ್ಮಿಕ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದೆ ವ್ಯಾಪಾರಿಗಳೇ ಇರಬೇಕೆನ್ನುತ್ತದೆ. ಆ ಕುರ್ಚಿಗಳಲ್ಲಿ ನಾವು ಕೂರೋಣ. ಗಾಡಿಯವನೂ ಗಿರಣಿಯವನೂ ಒಂದೇ ಅರ್ಜಿಗೆ ರುಜು ಹಾಕೋಣ. ಎರಡು ತಟ್ಟೆಗಳೂ ಒಂದೇ ಮನೆಯವು.