ಕ್ಯಾಡ್ ಮಾದರಿಯನ್ನು ಕೊಯ್ದು ನೋಡುವುದು



ಉರ್ದು, ಕನ್ನಡ ಕಲಿಸುವವನಿಗೆ ಕಂಪ್ಯೂಟರಿನ ಯಂತ್ರಭಾಗಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಡಿಪ್ಲೊಮಾ ಮುಗಿಸಿ ಒಂದು ವರ್ಕ್‌ಶಾಪಿನಲ್ಲಿ ತರಬೇತಿಗೆ ಸೇರಿದ್ದ. ಒಂದು ಸಂಜೆ ಮನೆಗೆ ಬಂದು, "ಸಾರ್, ಕಂಪ್ಯೂಟರಿನಲ್ಲಿ ಅಳೆದೇ ಲೇತಿನವರಿಗೆ ಅಳತೆ ಕೊಟ್ಟೆ. ಪಿನ್ನು ಬುಷ್ಷಿನೊಳಗೆ ಗಡಗಡ ಅಲ್ಲಾಡಿತು. ಎಲ್ಲರೆದುರು ಬೈಸಿಕೊಂಡೆ" ಎಂದ. ಇಂಗ್ಲಿಷಿನ ಸೂಚನೆಗಳಿಗೆ ಅರ್ಥ ಹೇಳಿಕೊಡಿ ಎಂಬುದಷ್ಟೇ ಅವನ ಬೇಡಿಕೆ. ಆ ದಿನ ಇಬ್ಬರೂ ಕೂತು ಕಲಿತದ್ದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ತಂತ್ರಾಂಶ ಫ್ರೀಕ್ಯಾಡ್. ಹಣ ಕೊಡಬೇಕಾಗಿಲ್ಲ. 2024ರಲ್ಲಿ ಬಂದ ಅದರ 1.0 ಆವೃತ್ತಿಯಿಂದ ಬಿಡಿಭಾಗಗಳನ್ನು ಜೋಡಿಸುವ ಅಸೆಂಬ್ಲಿ ವಿಭಾಗವೂ ಒಳಗೇ ಸೇರಿದೆ. ಜೋಡಿಸಿದ ಮಾದರಿಯ ಒಳಗನ್ನು ನೋಡಲು ಕ್ಲಿಪ್ಪಿಂಗ್ ಪ್ಲೇನ್ ಇದೆ, ಆದರೆ ಅದು ಬರೀ ನೋಟ. ಅಳೆಯಲು ಗೆರೆ ಬೇಕಾದರೆ ಪಾರ್ಟ್ ವಿಭಾಗದ ಕ್ರಾಸ್ ಸೆಕ್ಷನ್ಸ್ ಬಳಸಬೇಕು. ಸಮತಲವೊಂದು ಘನಾಕೃತಿಯನ್ನು ಹಾದುಹೋಗುವಲ್ಲಿ ಅದು ನಿಜವಾದ ಗೆರೆಯನ್ನು ಹುಟ್ಟಿಸುತ್ತದೆ. ನೀವು ಆರಿಸಿದ ಪ್ರತಿ ಭಾಗಕ್ಕೂ ಅದರದೇ ಮುಚ್ಚಿದ ಗೆರೆ. ಒಂದು ಭಾಗದ ಗೆರೆ ಇನ್ನೊಂದರದನ್ನು ದಾಟಿದರೆ ಆ ಎರಡು ಭಾಗಗಳು ಒಂದರೊಳಗೊಂದು ನುಗ್ಗಿವೆ ಎಂದು ತಿಳಿಯಿರಿ. ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಆ ಮಾದರಿ ಕೆಲಸಕ್ಕೆ ಬಾರದು.

ಇನ್ನು ನಮ್ಮ ಹುಡುಗನ ಕತೆ. ಪಿನ್ನಿನ ವ್ಯಾಸ 20 ಮಿ.ಮೀ., ಬುಷ್ಷಿನ ರಂಧ್ರ 20.05 ಮಿ.ಮೀ. ಅಕ್ಷಕ್ಕೆ ಅಡ್ಡಲಾಗಿ ಕೊಯ್ದಿದ್ದರೆ ಒಂದರೊಳಗೊಂದು ಎರಡು ವೃತ್ತಗಳು, ನಡುವೆ ಸುತ್ತಲೂ 0.025 ಮಿ.ಮೀ. ಸಂದು ಕಾಣುತ್ತಿತ್ತು. ಅವನು ಉದ್ದಕ್ಕೆ ಕೊಯ್ದಿದ್ದ. ಪಿನ್ನಿನ ಜಾಗದಲ್ಲಿ ಆಯತ ಬಂತು. ಅಗಲ ಅಳೆದರೆ 16!

ತಂತ್ರಾಂಶ ಸುಳ್ಳು ಹೇಳಿರಲಿಲ್ಲ. ಬುಷ್ಷಿನ ಒಂದು ಪಕ್ಕದಲ್ಲಿ ಮಾತ್ರ ಬೋಲ್ಟ್ ಹಾಕುವ ಕಿವಿಯೊಂದು 12 ಮಿ.ಮೀ. ಚಾಚಿತ್ತು. ಆರಿಸಿದ ಭಾಗಗಳ ಒಟ್ಟು ಹರವಿನ ನಡುವಿನಲ್ಲಿ ಸಮತಲವನ್ನು ಇಟ್ಟುಕೊಡುವುದು ಈ ತಂತ್ರಾಂಶದ ರೂಢಿ. ಪಿನ್ನಿನ ನಡು ಎಲ್ಲಿದೆ ಎಂದು ಅದು ವಿಚಾರಿಸುವುದಿಲ್ಲ. ಹೀಗಾಗಿ ಸಮತಲ ಅಕ್ಷದಿಂದ 6 ಮಿ.ಮೀ. ಸರಿದು ನಿಂತಿತ್ತು. ಕಾಗದದ ಮೇಲೆ ಪೈಥಾಗೊರಸ್ ಹಾಕಿ ನೋಡಿದೆವು. ತ್ರಿಜ್ಯ 10, ಸರಿದದ್ದು 6, ಹಾಗಾದರೆ ಅರ್ಧ ಅಗಲ 8, ಪೂರ್ತಿ 16. ಪ್ರಮೇಯ ಅವನಿಗೆ ಬಾಯಿಪಾಠವಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಹತ್ತನೇ ತರಗತಿಯಲ್ಲಿ ಅದಕ್ಕೆ ಪೂರ್ಣ ಅಂಕ ಪಡೆದಿದ್ದ. ಅದು ಇಲ್ಲಿಯೂ ಬಂದೀತು ಎಂದು ನಾವ್ಯಾರೂ ಅವನಿಗೆ ಹೇಳಿರಲಿಲ್ಲ.

ಓರೆಯಾಗಿ ಕೊಯ್ದರೂ ಇದೇ ಪಾಡು. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುವುದಿಲ್ಲವೇ? 20 ಮಿ.ಮೀ. ಪಿನ್ನನ್ನು 45 ಡಿಗ್ರಿಯಲ್ಲಿ ಕೊಯ್ದರೆ ಬರುವುದು ದೀರ್ಘವೃತ್ತ. ಅದರ ಉದ್ದ 28.28, ಅಗಲ ಮಾತ್ರ 20. ಆದುದರಿಂದ ಮೊದಲು ಅಡ್ಡಕ್ಕೆ ಕೊಯ್ಯಿರಿ, ವೃತ್ತ ಬಂತೇ ನೋಡಿರಿ, ಅದರ ಕೇಂದ್ರವನ್ನು ಗುರುತು ಹಾಕಿಕೊಂಡು ಆಮೇಲೆ ಉದ್ದಕ್ಕೆ ಕೊಯ್ಯಿರಿ. ಮಾದರಿಯ ಅಳತೆ ಬದಲಿಸಿದ ಮೇಲೆ ಹಳೆಯ ಗೆರೆಯನ್ನು ನಂಬಬೇಡಿ. ಹೊಸದಾಗಿ ತೆಗೆಯಿರಿ.

ಅವನ ಮಾದರಿಯಲ್ಲಿ ಪಿನ್ನಿನ ಅಕ್ಷ ಸೊನ್ನೆಯಲ್ಲಿತ್ತು. ಸ್ಥಾನದ ಚೌಕದಲ್ಲಿದ್ದ 6 ಅಳಿಸಿ 0 ಹಾಕಿದ. ಆಯತ ಅಗಲವಾಯಿತು. ಅಳೆದ, 20. ಇನ್ನೊಮ್ಮೆ ಅಳೆದ.

ಕಾರ್ಯಕ್ರಮದ ನಂತರ ಲ್ಯಾಪ್‌ಟಾಪ್ ಇಟ್ಟುಕೊಂಡು ಇಲ್ಲೇ ಕೂತಿರುತ್ತೇನೆ. ನೋಡಬೇಕೆನ್ನುವವರು ಬನ್ನಿ.