ಜೇಬಿಗೆ ಹಾಕಬಾರದ ಚಿಪ್ಪು



ಶುಕ್ರವಾರ ರಜೆ ಬಂತೆಂದರೆ ಅಲ್ ಖುವೈರ್‌ನ ನಮ್ಮಲ್ಲಿ ಬಹಳ ಜನ ಸಮುದ್ರದ ದಂಡೆಗೆ ಹೋಗುತ್ತೇವೆ. ಊರಿನ ಮಕ್ಕಳಿಗೆಂದು ನಾಲ್ಕು ಚಿಪ್ಪು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತೇವೆ. ಜೇಬಿಗೆ ಹಾಕಬಾರದ ಒಂದು ಚಿಪ್ಪಿದೆ. ಇವತ್ತಿನ ಮಾತು ಅದರ ಬಗ್ಗೆ.

ಅದರ ಹೆಸರು ಕೋನಸ್ ಟೆಕ್ಸ್‌ಟೈಲ್. 1758ರಲ್ಲಿ ಲಿನ್ನೇಯಸ್ ಇಟ್ಟದ್ದು, ನೇಯ್ದ ಬಟ್ಟೆಯಂತಿದೆ ಎಂದು. ಹೊಂಬಣ್ಣದ ಮೈ, ಕಂದು ಗೆರೆ, ನಡುವೆ ಬಿಳಿ ತ್ರಿಕೋನಗಳ ಸಾಲು. ಇಳಕಲ್ ಸೆರಗಿನ ತೆನೆ ನೋಡಿ ಬೆಳೆದವರ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಅಪಾಯ ಇರುವುದೇ ಅಲ್ಲಿ. ಒಮಾನ್ ಕರಾವಳಿಯಲ್ಲೂ ಇದು ಸಿಗುತ್ತದೆ.

ಒಳಗಿರುವುದು ಬಸವನಹುಳುವೇ, ಆದರೆ ಬೇಟೆಗಾರ. ಹಗಲು ಮರಳಲ್ಲಿ, ಹವಳದ ಕಲ್ಲಿನಡಿ ಅಡಗಿದ್ದು ರಾತ್ರಿ ಹೊರಡುತ್ತದೆ. ಸೊಂಡಿಲಿನಂಥ ಕೊಳವೆಯ ತುದಿಯಲ್ಲಿ ಇಂಜೆಕ್ಷನ್ ಸೂಜಿಯಂಥ ಟೊಳ್ಳು ಹಲ್ಲು, ಅದರಲ್ಲಿ ವಿಷ. ಓಡಿ ಹಿಡಿಯಲಾರದ ಪ್ರಾಣಿ. ಹಾಗಾಗಿ ಬೇಟೆ ನಿಂತಲ್ಲೇ ನಿಲ್ಲಬೇಕು. ಇದು ಬೇರೆ ಹುಳುಗಳನ್ನು ತಿಂದರೆ, ಇದರ ದಾಯಾದಿ ಕೋನಸ್ ಜಿಯೋಗ್ರಾಫಸ್ ಮೀನನ್ನೇ ಹಿಡಿಯುತ್ತದೆ. ಮನುಷ್ಯರ ಸಾವುಗಳಿಗೆ ಹೆಚ್ಚಾಗಿ ಕಾರಣವಾದದ್ದೂ ಅದೇ.

ಅಗಲ ತುದಿ ಹಿಡಿದರೆ ಏನೂ ಆಗದು ಎನ್ನುವವರನ್ನು ನಂಬಬೇಡಿ. ಆ ಕೊಳವೆ ಅಲ್ಲಿಗೂ ಬಾಗುತ್ತದೆ. ಖಾಲಿ ಕಂಡ ಚಿಪ್ಪಿನೊಳಗೂ ಹುಳು ಹಿಂದೆ ಸರಿದು ಕೂತಿರಬಹುದು.

ಚುಚ್ಚಿದಾಗ ಕೆಲವೊಮ್ಮೆ ನೋವೇ ತಿಳಿಯದು. ಆಮೇಲೆ ಜೋಮು, ತುಟಿ ಮರಗಟ್ಟುವುದು, ಕಣ್ಣು ಮಂಜಾಗುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಇದಕ್ಕೆ ಪ್ರತಿವಿಷವಿಲ್ಲ. ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಮಲಗಿಸಿ, ಕೈಕಾಲು ಅಲುಗಾಡದಂತೆ ಬಟ್ಟೆ ಸುತ್ತಿ, 9999ಕ್ಕೆ ಫೋನ್ ಮಾಡಿ. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಇರಿ. ವಿಷದ ಪ್ರಭಾವ ಇಳಿಯುವವರೆಗೆ ಉಸಿರಾಟ ನಡೆಸಿಕೊಂಡರೆ ಮನುಷ್ಯ ಬದುಕುತ್ತಾನೆ.

ಇದೇ ಕುಲದ ಕೋನಸ್ ಮ್ಯಾಗಸ್ ವಿಷದಿಂದ ನೋವಿನ ಔಷಧಿಯೂ ಬಂದಿದೆ. ಫಿಲಿಪ್ಪೀನ್ಸ್‌ನ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ ಅವರ ಸಂಶೋಧನೆಯಿಂದ ಹುಟ್ಟಿದ ಜಿಕೊನೊಟೈಡ್‌ಗೆ 2004ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಹನಿಸಬೇಕು.

ಚಿಪ್ಪಿನ ಹುಚ್ಚು ತಪ್ಪೇನಲ್ಲ. 1955ರಲ್ಲಿ ಇಲ್ಲಿಗೆ ಕೆಲಸಕ್ಕೆ ಬಂದ ಅಮೆರಿಕದ ವೈದ್ಯ ಡೊನಾಲ್ಡ್ ಬಾಷ್, ಪತ್ನಿ ಎಲೋಯಿಸ್ ಜೊತೆ ಚಿಪ್ಪು ಕೂಡಿಸುತ್ತಾ 1982ರಲ್ಲಿ ಒಮಾನಿನ ಚಿಪ್ಪುಗಳ ಮೇಲೆ ಪುಸ್ತಕವನ್ನೇ ತಂದರು. ಮಸೀರಾ ದ್ವೀಪದ ಒಂದು ಹುಳುವಿಗೆ ಆಕೆಯ ಹೆಸರೇ ಇದೆ.

ಬರುವ ಶುಕ್ರವಾರ ತೆನೆಯ ಚಿಪ್ಪು ಕಂಡರೆ ಫೋಟೊ ತೆಗೆದು ಊರಿಗೆ ಕಳಿಸಿ. ಚಿಪ್ಪು ಅಲ್ಲೇ ಇರಲಿ.