ಒಂದೇ ರೂಲ್‌ಬುಕ್‌ಗೆ ಎರಡು ಸಲ ದುಡ್ಡು ಯಾಕೆ?

ಇವತ್ತು ಒಂದು ಪುಸ್ತಕದ ಕಥೆಯಿಂದ ಶುರು ಮಾಡ್ತೀನಿ.

ಕಳೆದ ವರ್ಷ ನನ್ನ ಗೆಳೆಯನೊಬ್ಬ ಕೆಲಸ ಸಿಕ್ಕಿ ಪುಣೆಗೆ ಹೊರಟ. ನಾವು ಐದು ಜನ ನಾಲ್ಕು ವರ್ಷದಿಂದ ಭಾನುವಾರ ಭಾನುವಾರ ಸೇರಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡ್ತಿದ್ವಿ. ಗೊತ್ತಿಲ್ಲದವರಿಗೆ ಎರಡೇ ಮಾತು: ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಆಗ್ತಾರೆ. ಬಾಗಿಲು ಒಡೀತಾ, ರಾಕ್ಷಸ ಸತ್ತನಾ ಅಂತ ದಾಳ ಹೇಳುತ್ತೆ. ದಾಳ ಹೇಳಿದ್ದನ್ನ ಹೇಗೆ ಅರ್ಥ ಮಾಡ್ಕೋಬೇಕು ಅನ್ನೋದಕ್ಕೆ ರೂಲ್‌ಬುಕ್.

ಅವನು ಹೊರಡೋ ದಿನ ನನ್ನ ರೂಲ್‌ಬುಕ್ಕನ್ನೇ ಕೊಟ್ಟುಬಿಟ್ಟೆ. ಕಾಫಿ ಕಲೆ, ಪೆನ್ಸಿಲ್ ಗುರುತು ಎಲ್ಲಾ ಸೇರಿ. ಅಲ್ಲಿ ಹೊಸ ಗುಂಪು ಕಟ್ಟಿದ. ಒಂದಿನ ಫೋನ್ ಮಾಡಿ, "ನಿನ್ನ ಹತ್ರ ಡಿಜಿಟಲ್ ಕಾಪಿನೂ ಇತ್ತಲ್ಲ, ಅದನ್ನೂ ಕಳಿಸೋ" ಅಂದ. "ಆಗಲ್ಲ ಕಣೋ" ಅಂದೆ. ಅದಕ್ಕೆ ನಾನು ಬೇರೆಯಾಗಿ ದುಡ್ಡು ಕೊಟ್ಟಿದ್ದೆ, ನಿಜ. ಆದರೆ ಅದು ನನ್ನ ಅಕೌಂಟಿನೊಳಗೆ ಮಾತ್ರ ತೆರೆಯುತ್ತೆ. ಡೌನ್‌ಲೋಡ್ ಇಲ್ಲ, ಕೊಡೋಕಾಗಲ್ಲ, ಮಾರೋಕಾಗಲ್ಲ. ಹಾಗಾದ್ರೆ ನಾನು ಕೊಂಡಿದ್ದು ಏನು?

ನಾನು ಬಿಕಾಂ ಓದಿದವನು, ಹಾಗಾಗಿ ಮೊದಲು ಲೆಕ್ಕ. ರೂಲ್‌ಬುಕ್ ಮಾಡೋಕೆ ದೊಡ್ಡ ಖರ್ಚು ಬರವಣಿಗೆ, ಚಿತ್ರ, ಪುಟವಿನ್ಯಾಸ, ಆಡಿ ಪರೀಕ್ಷೆ ಮಾಡೋದು. ಇದು ಒಂದೇ ಸಲದ ಖರ್ಚು. ಆಮೇಲೆ ಪ್ರತಿ ಮುದ್ರಿತ ಪ್ರತಿಗೆ ಕಾಗದ, ಬೈಂಡಿಂಗ್, ಸಾಗಣೆ, ಅಂಗಡಿಯವರ ಪಾಲು. ಪಿಡಿಎಫ್‌ಗೆ ಇದ್ಯಾವುದೂ ಇಲ್ಲ. ಸಾವಿರದ ಒಂದನೇ ಕಾಪಿಗೆ ಹೆಚ್ಚುಕಮ್ಮಿ ಖರ್ಚೇ ಇಲ್ಲ. ಅದಕ್ಕೇ ಪುಸ್ತಕ ಕೊಂಡವರಿಗೆ ಪಿಡಿಎಫ್ ಸೇರಿಸಿ ಕೊಡೋದು ಪ್ರಕಾಶಕರಿಗೆ ದೊಡ್ಡ ಹೊರೆ ಅಲ್ಲ.

ಇದನ್ನ ಕೆಲವರು ಬೇಗ ಅರ್ಥ ಮಾಡ್ಕೊಂಡ್ರು. 2010ರಲ್ಲಿ ಕೆಲವು ಸಣ್ಣ ಪ್ರಕಾಶಕರು ಸೇರಿ 'ಬಿಟ್ಸ್ ಅಂಡ್ ಮಾರ್ಟರ್' ಅಂತ ಶುರು ಮಾಡಿದ್ರು. ಅದರಲ್ಲಿ ಸೇರಿರೋ ಅಂಗಡಿಗೆ ಹೋಗಿ ಪುಸ್ತಕ ಕೊಂಡ್ರೆ ಪಿಡಿಎಫ್ ಉಚಿತ. ಇಲ್ಲಿ ಜಾಣತನ ಇರೋದು ಅಂಗಡಿಯವರನ್ನ ಬಿಡದೇ ಇರೋದ್ರಲ್ಲಿ. ಪ್ರಕಾಶಕರು ತಮ್ಮ ಸ್ವಂತ ಸೈಟಲ್ಲಿ ಮಾತ್ರ ಜೋಡಿ ಮಾರಿದ್ರೆ, ಹೊಸಬರಿಗೆ ಆಟ ಕಲಿಸಿ, ಆಡೋಕೆ ಟೇಬಲ್ ಕೊಡೋ ಅಂಗಡಿಯವನು ಏನು ಮಾಡ್ಬೇಕು?

ಇನ್ನು ದೊಡ್ಡಣ್ಣನ ಕಥೆ. 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಆಟಗಳ ಮೂಲ ಪುರುಷ. ಅದರ ಕಂಪನಿ ವಿಜರ್ಡ್ಸ್ ಆಫ್ ದಿ ಕೋಸ್ಟ್ 2009ರಲ್ಲಿ ಪೈರಸಿ ಕಾರಣ ಕೊಟ್ಟು ಪಿಡಿಎಫ್ ಮಾರಾಟವನ್ನೇ ನಿಲ್ಲಿಸಿತು. ಕಳ್ಳ ಕಾಪಿ ನಿಲ್ತಾ? ಇಲ್ಲ. ನಿಂತಿದ್ದು ದುಡ್ಡು ಕೊಟ್ಟು ಕೊಳ್ಳೋರ ದಾರಿ. 2013ರಲ್ಲಿ ಹಳೆಯ ಪುಸ್ತಕಗಳ ಪಿಡಿಎಫ್ ಮತ್ತೆ ಮಾರಾಟಕ್ಕೆ ಬಂತು. ಕಂಪನಿಯ ಒಡೆಯ ಹ್ಯಾಸ್‌ಬ್ರೋ 2022ರಲ್ಲಿ 'ಡಿ ಅಂಡ್ ಡಿ ಬಿಯಾಂಡ್' ಅನ್ನೋ ಡಿಜಿಟಲ್ ವೇದಿಕೆಯನ್ನ 14 ಕೋಟಿ 63 ಲಕ್ಷ ಡಾಲರ್‌ಗೆ ಕೊಂಡ್ಕೊಂಡಿತು. ಅದೇ ವರ್ಷ ಪುಸ್ತಕ ಮತ್ತು ಡಿಜಿಟಲ್ ಎರಡನ್ನೂ ಜೋಡಿಯಾಗಿ ಮಾರೋಕೆ ಶುರು ಮಾಡಿದ್ರು.

ಒಳ್ಳೇದೇ. ಆದರೆ ಗಮನಿಸಿ, ಇಲ್ಲಿ ಸಿಗೋದು ಫೈಲ್ ಅಲ್ಲ, ಪ್ರವೇಶ. ವ್ಯತ್ಯಾಸ 2024ರ ಆಗಸ್ಟಲ್ಲಿ ಗೊತ್ತಾಯ್ತು. ಹೊಸ ಆವೃತ್ತಿ ಬರ್ತಿದ್ದಂತೆ, ಆಟಗಾರರ ಡಿಜಿಟಲ್ ಹಾಳೆಗಳಲ್ಲಿ ಹಳೆಯ ಮಂತ್ರಗಳ ಜಾಗಕ್ಕೆ ಹೊಸವು ಬರ್ತವೆ ಅಂತ ಘೋಷಣೆ ಆಯ್ತು. ಜನ ಗಲಾಟೆ ಮಾಡಿದ್ರು, ಕೆಲವೇ ದಿನದಲ್ಲಿ ಕಂಪನಿ ಹಿಂದೆ ಸರೀತು. ಕಪಾಟಿನಲ್ಲಿರೋ ಪುಸ್ತಕ ರಾತ್ರೋರಾತ್ರಿ ಬದಲಾಗಲ್ಲ ಅಲ್ವಾ?

ಕಾನೂನು ಕೂಡ ಇವೆರಡನ್ನ ಬೇರೆ ಬೇರೆಯಾಗೇ ನೋಡುತ್ತೆ. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಒಂದು ಕೇಸ್ ಬಂತು. ಒಂದು ಡಾಲರ್‌ಗಿಂತ ಕಮ್ಮಿಗೆ ಮಾರಬಾರದು ಅಂತ ಪ್ರಕಾಶಕರು ಪುಸ್ತಕದೊಳಗೇ ಅಚ್ಚು ಹಾಕಿದ್ರು. ಮೇಸೀಸ್ ಅಂಗಡಿ 89 ಸೆಂಟ್‌ಗೆ ಮಾರಿತು. ಅಂಗಡಿ ಗೆದ್ದಿತು: ಒಮ್ಮೆ ಮಾರಿದ ಪ್ರತಿ ಮೇಲೆ ಪ್ರಕಾಶಕರ ಹಿಡಿತ ಮುಗೀತು. ಡಿಜಿಟಲ್ ಕಾಪಿಗೆ ಆ ಸ್ವಾತಂತ್ರ್ಯ ಬಂದಿಲ್ಲ. ನಮ್ಮ ಜಿಎಸ್‌ಟಿಯಲ್ಲೂ ಅಷ್ಟೇ, ಮುದ್ರಿತ ಪುಸ್ತಕಕ್ಕೆ ತೆರಿಗೆ ಇಲ್ಲ, ಇ-ಬುಕ್‌ಗೆ ಇದೆ. ಮುದ್ರಿತ ರೂಪವೂ ಇರೋ ಇ-ಬುಕ್ ಮೇಲಿನ ತೆರಿಗೆಯನ್ನ 2018ರಲ್ಲಿ 18ರಿಂದ 5 ಪರ್ಸೆಂಟ್‌ಗೆ ಇಳಿಸಿದ್ರು.

ಈಗ ನನ್ನ ತಪ್ಪೊಪ್ಪಿಗೆ. ಕಾಲೇಜಲ್ಲಿದ್ದಾಗ ನಾನೂ ಕದ್ದ ಪಿಡಿಎಫ್ ಇಳಿಸ್ಕೊಂಡಿದ್ದೆ. "ಪುಸ್ತಕ ಕೊಂಡಿದ್ದೀನಲ್ಲ, ತಪ್ಪೇನು?" ಅಂತ ಸಮಾಧಾನ. ಆದರೆ ಅದೇ ಫೋಲ್ಡರಲ್ಲಿ ನಾನು ಕೊಳ್ಳದ ಇಪ್ಪತ್ತು ಪುಸ್ತಕಗಳೂ ಇದ್ವು. ಅವುಗಳಲ್ಲಿ ಕೆಲವು ಇಬ್ಬರೇ ಮೂವರೇ ಸೇರಿ ಮಾಡಿದ ಆಟಗಳು. ಈಗ ನಾನೇ ಒಬ್ಬನೇ ಕೂತು ಪಾಡ್‌ಕಾಸ್ಟ್ ಮಾಡೋವಾಗ ಅದರ ನೋವು ತಿಳಿಯುತ್ತೆ. ನಿಯತ್ತಾಗಿರೋ ಜೋಡಿ ಸಿಕ್ಕಿದ್ರೆ ಆ ಮೊದಲ ನೆಪವೇ ಇರ್ತಿರಲಿಲ್ಲ.

ಹಾಗಾಗಿ ದುಡ್ಡು ಕೊಡೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಫೈಲ್ ನನ್ನ ಕೈಗೆ ಬರುತ್ತಾ, ಬರೀ ಲಾಗಿನ್ನಾ? ಕಂಪನಿ ನಾಳೆ ಬಾಗಿಲು ಹಾಕಿದ್ರೆ ನನ್ನ ಹತ್ರ ಏನುಳಿಯುತ್ತೆ? ಈ ಜೋಡಿಯಲ್ಲಿ ಅಂಗಡಿಯವನಿಗೆ ಪಾಲಿದ್ಯಾ?

ಪುಣೆಯ ಗೆಳೆಯ ಮೊನ್ನೆ ಒಂದು ಫೋಟೋ ಕಳಿಸಿದ್ದ. ಅದೇ ಪುಸ್ತಕ, ಸುತ್ತ ನಾಲ್ಕು ಹೊಸ ಮುಖ, ಕಾಫಿ ಕಲೆ ಪಕ್ಕದಲ್ಲಿ ಇನ್ನೊಂದು ಕಲೆ. ನನ್ನ ಡಿಜಿಟಲ್ ಕಾಪಿ ಮಾತ್ರ ಇನ್ನೂ ನನ್ನ ಅಕೌಂಟಲ್ಲೇ ಇದೆ, ಒಬ್ಬಂಟಿಯಾಗಿ.

ನಿಮ್ಮ ಅನುಭವ ಏನು, ಬರೆದು ಕಳಿಸಿ.